ಮೂವತ್ತು ಮಿಲಿಲೀಟರಿನ ಗೆರೆ: ಮೆದುಳಿನ ರಕ್ತಸ್ರಾವದ ಸ್ಕ್ಯಾನ್ ಮತ್ತು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಿ.ಪಿ. ಏರಿ ಮೆದುಳಿನ ರಕ್ತನಾಳ ಒಡೆದವರನ್ನು ಇಲ್ಲಿಂದ ದೊಡ್ಡಾಸ್ಪತ್ರೆಗೆ ಸಾಗಿಸುವ ದಾರಿಗಳು ಬೇರೆ ಬೇರೆ. ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ, ಕೂಡ್ಲಿಗಿಯವರಿಗೆ ಹೊಸಪೇಟೆ ಅಥವಾ ಬಳ್ಳಾರಿ. ಹಡಗಲಿಯವರು ತುಂಗಭದ್ರೆ ದಾಟಿ ಗದಗ, ಹುಬ್ಬಳ್ಳಿಯ ಕಡೆಗೂ ಹೋಗುತ್ತಾರೆ. ಸ್ಕ್ಯಾನ್ ನೋಡಿ ರೋಗಿ ಉಳಿಯುವ ಸಾಧ್ಯತೆಯನ್ನು ಹೇಳುವ ಅಳತೆಗೋಲುಗಳು ಈ ದಾರಿಯಲ್ಲಿ ಕಳೆದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಅವುಗಳ ಅಂಕವನ್ನು ಇಲ್ಲಿನ ರೋಗಿಗೆ ಯಥಾವತ್ತಾಗಿ ಅನ್ವಯಿಸುವಂತಿಲ್ಲ ಎಂಬುದು ಈ ಲೇಖನದ ವಾದ.

ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ಐಸಿಎಚ್ (ಮೆದುಳಿನೊಳಗಿನ ರಕ್ತಸ್ರಾವ) ಸ್ಕೋರ್. ಸ್ಯಾನ್‌ಫ್ರಾನ್ಸಿಸ್ಕೊದ ಕ್ಲಾಡ್ ಹೆಂಫಿಲ್ ಮತ್ತು ಸಂಗಡಿಗರು 152 ರೋಗಿಗಳ ದಾಖಲೆಯಿಂದ ಇದನ್ನು ಕಟ್ಟಿ 2001ರಲ್ಲಿ ಪ್ರಕಟಿಸಿದರು. ರೋಗಿಯ ಎಚ್ಚರದ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಅಂಕ 5ರಿಂದ 12 ಇದ್ದರೆ 1, ಅದಕ್ಕಿಂತ ಕಡಿಮೆಯಾದರೆ 2. ರಕ್ತದ ಗಡ್ಡೆ 30 ಮಿಲಿಲೀಟರ್ ಅಥವಾ ಹೆಚ್ಚಿದ್ದರೆ 1. ರಕ್ತ ಮೆದುಳಿನ ಕುಹರಗಳಿಗೆ ಇಳಿದಿದ್ದರೆ 1. ರಕ್ತಸ್ರಾವದ ಮೂಲ ಮಿದುಳುಕಾಂಡದಲ್ಲೋ ಕಿರುಮೆದುಳಿನಲ್ಲೋ ಇದ್ದರೆ 1. ವಯಸ್ಸು 80 ಅಥವಾ ಹೆಚ್ಚಿದ್ದರೆ 1. ಮೂವತ್ತು ದಿನಗಳೊಳಗಿನ ಸಾವು ಮೊತ್ತ 2 ಆದವರಲ್ಲಿ ಶೇ. 26, ಮೊತ್ತ 3 ಆದವರಲ್ಲಿ ಶೇ. 72.

ಈ ಎರಡು ಅಂಕಗಳ ನಡುವಿನ ಕಂದರ ಎಷ್ಟು ತೆಳು ಗೆರೆಯ ಮೇಲೆ ನಿಂತಿದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಗಡ್ಡೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಎರಡರಿಂದ ಭಾಗಿಸುವುದು ರೂಢಿಯ ಸೂತ್ರ. ರೋಗಿಗೆ 60 ವರ್ಷ, ಕೋಮಾ ಅಂಕ 10, ರಕ್ತ ಕುಹರಕ್ಕೂ ಇಳಿದಿದೆ ಎಂದುಕೊಳ್ಳೋಣ. ಗಡ್ಡೆ 5, 4, 3 ಸೆಂಟಿಮೀಟರ್ ಇದ್ದರೆ ಗಾತ್ರ ಸರಿಯಾಗಿ 30 ಮಿಲಿಲೀಟರ್, ಮೊತ್ತ 3. ಅಗಲವನ್ನು 4ರ ಬದಲು 3.8 ಎಂದು ಅಳೆದರೆ 28.5 ಮಿಲಿಲೀಟರ್, ಮೊತ್ತ 2. ಎರಡೇ ಮಿಲಿಮೀಟರ್ ವ್ಯತ್ಯಾಸಕ್ಕೆ ಮನೆಯವರ ಕಿವಿಗೆ ಬೀಳುವ ಮಾತು ಶೇ. 26ರಿಂದ 72ಕ್ಕೆ ಜಿಗಿಯುತ್ತದೆ! ಆ ಶೇ. 72 ಎಂಬುದೂ 32 ರೋಗಿಗಳಲ್ಲಿ ಸತ್ತ 23 ಮಂದಿಯ ಲೆಕ್ಕ.

ಇದಕ್ಕಿಂತ ಮುಖ್ಯವಾದದ್ದು ಸಮಯ. ಒಡೆದ ರಕ್ತನಾಳದಿಂದ ಮೊದಲ ಗಂಟೆಗಳಲ್ಲಿ ರಕ್ತ ಇನ್ನೂ ಜಿನುಗುತ್ತಿರುತ್ತದೆ. ಬ್ರಾಟ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದಂತೆ, ಮೂರು ಗಂಟೆಯೊಳಗೆ ಸ್ಕ್ಯಾನ್ ಆದ 103 ರೋಗಿಗಳಲ್ಲಿ ಶೇ. 38 ಮಂದಿಗೆ ಗಡ್ಡೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳೆಯಿತು. ಹೆಚ್ಚಿನವರಲ್ಲಿ ಅದು ಮೊದಲ ಸ್ಕ್ಯಾನಿನ ನಂತರದ ಒಂದು ಗಂಟೆಯಲ್ಲೇ ಆಯಿತು. ಗಾತ್ರ ಅಷ್ಟು ಹಿಗ್ಗಲು ಅಡ್ಡಳತೆ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಸಾಕು. ಆದ್ದರಿಂದ ಒಂದನೇ ಗಂಟೆಯ 30 ಮಿಲಿಲೀಟರ್ ಬೆಳೆಯುತ್ತಿರುವ ಗಡ್ಡೆಯಿರಬಹುದು. ತಾಲ್ಲೂಕು ಆಸ್ಪತ್ರೆ, ಆಂಬುಲೆನ್ಸ್, ಮತ್ತೊಂದು ಆಸ್ಪತ್ರೆ ಎಂದು ಅಲೆದು ಎಂಟನೇ ಗಂಟೆಗೆ ಸ್ಕ್ಯಾನಿಗೆ ಬಂದವರ 30 ಮಿಲಿಲೀಟರ್ ಬಹುಮಟ್ಟಿಗೆ ನಿಂತ ಗಡ್ಡೆ. ಸ್ಕೋರ್ ಎರಡಕ್ಕೂ ಒಂದೇ ಅಂಕ ಕೊಡುತ್ತದೆ. ತೀರ ದೊಡ್ಡ ರಕ್ತಸ್ರಾವವಾದವರು ದಾರಿಯಲ್ಲೇ ತೀರಿಕೊಂಡರೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಸ್ಕ್ಯಾನ್ ದೂರವಿದ್ದರೆ ಚಿಕಿತ್ಸೆಯೂ ದೂರವೇ. ಚೀನಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇಂಟರಾಕ್ಟ್-4 ಪ್ರಯೋಗದಲ್ಲಿ ಆಂಬುಲೆನ್ಸಿನಲ್ಲೇ ಬಿ.ಪಿ. ಇಳಿಸಿದಾಗ ರಕ್ತಸ್ರಾವದವರಿಗೆ ಅನುಕೂಲವಾಯಿತು, ರಕ್ತನಾಳ ಕಟ್ಟಿಕೊಂಡವರಿಗೆ ಕೆಡುಕಾಯಿತು. ಇವೆರಡನ್ನೂ ಜನ ‘ಲಕ್ವ ಹೊಡೆದಿದೆ’ ಎಂದೇ ಕರೆತರುತ್ತಾರೆ, ಸಿ.ಟಿ. ಸ್ಕ್ಯಾನ್ ಇಲ್ಲದೆ ವೈದ್ಯರಿಗೂ ಖಚಿತವಾಗಿ ಬೇರ್ಪಡಿಸಲಾಗದು. ಭಾರತದ ಆಸ್ಪತ್ರೆಗಳೂ ಪಾಲ್ಗೊಂಡಿದ್ದ ಇಂಟರಾಕ್ಟ್-3 (2023) ಇನ್ನೊಂದು ಸಂಗತಿಯನ್ನು ತೋರಿಸಿತು: ಬಿ.ಪಿ., ಸಕ್ಕರೆ, ಜ್ವರ ಮತ್ತು ರಕ್ತ ತೆಳುವಾಗಿಸುವ ಮಾತ್ರೆಯ ಪರಿಣಾಮ, ಇಷ್ಟನ್ನು ಒಟ್ಟಾಗಿ ಬೇಗ ಹತೋಟಿಗೆ ತಂದರೆ ರೋಗಿಗಳ ಸ್ಥಿತಿ ಸುಧಾರಿಸುತ್ತದೆ. ಹೀಗಾಗಿ ಸ್ಕ್ಯಾನಿನ ಮೊದಲ ಕೆಲಸ ಚಿಕಿತ್ಸೆಯ ದಾರಿ ತೋರುವುದು. ಭವಿಷ್ಯ ನುಡಿಯುವುದು ಆಮೇಲಿನ ಮಾತು.

ಆ ನುಡಿ ಕೆಲವೊಮ್ಮೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ‘ಆಸೆ ಇಲ್ಲ, ಮನೆಗೆ ಕರಕೊಂಡು ಹೋಗಿ’ ಎಂದ ಮೇಲೆ ಆದ ಸಾವು ಸ್ಕೋರು ಸರಿಯೆಂಬುದಕ್ಕೆ ಸಾಕ್ಷಿಯಾಗಿ ಲೆಕ್ಕ ಸೇರುತ್ತದೆ. ಚಿಕಿತ್ಸೆ ಹಿಂತೆಗೆದದ್ದರಿಂದಲೇ ಇಂಥ ಮುನ್ನಂದಾಜುಗಳು ವಾಲುತ್ತವೆ ಎಂದು ಬೆಕರ್ ಮತ್ತು ಸಂಗಡಿಗರು 2001ರಲ್ಲೇ ಎಚ್ಚರಿಸಿದ್ದರು. ಹೊಸದಾಗಿ ಚಿಕಿತ್ಸೆಗೆ ಮಿತಿ ಹಾಕುವುದನ್ನು ದಾಖಲಾದ ಎರಡನೇ ಪೂರ್ಣ ದಿನದವರೆಗಾದರೂ ಮುಂದೂಡಬೇಕೆಂದು ಅಮೆರಿಕದ 2022ರ ಮಾರ್ಗಸೂಚಿಯೂ ಹೇಳುತ್ತದೆ. ಸಾಲ ಮಾಡಿ ಬಂದ ಕುಟುಂಬಕ್ಕೆ ಈ ಎರಡು ದಿನ ಬಲು ಭಾರ, ನಿಜ. ಆದರೂ ಮೊದಲ ರಾತ್ರಿಯೇ ಒಂದು ಅಂಕ ನೋಡಿ ಕೈಬಿಡುವುದನ್ನು ಒಪ್ಪಲಾಗದು.

ಈ ಐದು ತಾಲ್ಲೂಕುಗಳಿಗೆ ಹೊಂದುವ ಅಳತೆಗೋಲು ಬೇಕೆಂದರೆ ದಾಖಲೆ ತಾಲ್ಲೂಕು ಆಸ್ಪತ್ರೆಯ ಚೀಟಿಯಿಂದಲೇ ಶುರುವಾಗಬೇಕು. ಲಕ್ಷಣ ಕಂಡ ಗಂಟೆ, ಹೊರಡುವಾಗಿನ ಬಿ.ಪಿ. ಮತ್ತು ಕೋಮಾ ಅಂಕ ಅದರಲ್ಲಿರಬೇಕು. ಸ್ಕ್ಯಾನ್ ವರದಿಯಲ್ಲಿ ಗಾತ್ರದ ಪಕ್ಕದಲ್ಲೇ ಲಕ್ಷಣ ಕಂಡು ಎಷ್ಟು ಗಂಟೆಯಾಗಿತ್ತು ಎಂಬುದೂ ಇರಬೇಕು. ಮೂವತ್ತನೇ ದಿನ ಆಶಾ ಕಾರ್ಯಕರ್ತೆಯರ ಮೂಲಕ ರೋಗಿಯ ಸ್ಥಿತಿ ವಿಚಾರಿಸಬೇಕು, ಅರ್ಧಕ್ಕೇ ಮನೆಗೆ ಕರೆದೊಯ್ದವರದ್ದನ್ನೂ ಸೇರಿಸಿ.