ಡಿಗ್ರಿ ಗೆರೆಯನ್ನ ನಂಬಬೇಡಿ: ಮೈಟರ್ ಗೇಜ್ ನಡೆದು ಬಂದ ದಾರಿ

ಹತಾರಗಳ ಚರಿತ್ರೆ | ಕಂತು 9

ಮೊದಲ ಫೋಟೊ ನೋಡಿ. ಅರ್ಧಚಂದ್ರದಂಥ ಒಂದು ತಲೆ, ಕೆಳಗೆ ಉದ್ದನೆಯ ಕಬ್ಬಿಣದ ಪಟ್ಟಿ, ಬಿಗಿ ಮಾಡೋಕೆ ಒಂದು ಹಿಡಿ, ಅಂಚಿನಲ್ಲಿ ಡಿಗ್ರಿ ಗೆರೆಗಳು. ಟೇಬಲ್ ಸಾ ಕೊಂಡರೆ ಸಾಮಾನ್ಯವಾಗಿ ಡಬ್ಬದಲ್ಲೇ ಬರುತ್ತೆ. ಇದೇ ಮೈಟರ್ ಗೇಜ್. ಮೇಜಿನ ಮೇಲಿನ ಜಾಡಿನಲ್ಲಿ ಪಟ್ಟಿ ಕೂರುತ್ತೆ. ಮರವನ್ನ ತಲೆಗೆ ಒತ್ತಿ ಹಿಡಿದು ಮುಂದಕ್ಕೆ ತಳ್ಳಿದರೆ, ಬೇಕಾದ ಕೋನಕ್ಕೆ ಕತ್ತರಿಸುತ್ತೆ.

ಕೆಲಸ ಇಷ್ಟೇ. ಆದರೆ ಇದರ ಹಿಂದೆ ಯುದ್ಧದ ಹಡಗು, ನಾವಿಕರ ಅಳತೆ ಉಪಕರಣ, ಮನೆಗೆ ಬಂದ ವಿದ್ಯುತ್ ಮೋಟಾರು, ಮೂರೂ ಇವೆ.

▪️ ದುಂಡು ಗರಗಸ

1813ರಲ್ಲಿ ಅಮೆರಿಕದ ಶೇಕರ್ ಪಂಥದ ಟ್ಯಾಬಿತಾ ಬ್ಯಾಬಿಟ್ ಎಂಬ ಹೆಣ್ಣುಮಗಳು ದುಂಡು ಗರಗಸ ಕಂಡುಹಿಡಿದಳು ಅನ್ನೋ ಕಥೆ ಕೇಳಿರ್ತೀರಿ. ಚೆಂದದ ಕಥೆ. ಆದರೆ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಪೇಟೆಂಟ್‌ನಲ್ಲಿ 1777ರಲ್ಲೇ ದುಂಡು ಗರಗಸದ ಉಲ್ಲೇಖ ಇದೆ. ಅದೇ ಊರಿನ ವಾಲ್ಟರ್ ಟೇಲರ್ ನೌಕಾಪಡೆಗೆ ಹಗ್ಗದ ರಾಟೆಗಳನ್ನ ಮಾಡೋಕೆ ಅದನ್ನ ಬಳಸುತ್ತಿದ್ದ.

ರಾಟೆ ಅಂದ್ರೆ ಸಣ್ಣ ವಿಷಯ ಅಲ್ಲ. 74 ಫಿರಂಗಿಯ ಒಂದು ಹಡಗಿಗೆ ಸುಮಾರು ಸಾವಿರ ರಾಟೆ ಬೇಕಿತ್ತು. ಹಾಯಿ ಏರಿಸೋದು, ಇಳಿಸೋದು ಎಲ್ಲಾ ಅವುಗಳ ಮೇಲೇ.

1803ರ ಹೊತ್ತಿಗೆ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ರಾಟೆ ಮಾಡುವ ಯಂತ್ರಗಳ ಸಾಲೇ ಶುರುವಾಯ್ತು. ಯಂತ್ರ ಯೋಚಿಸಿದವನು ಮಾರ್ಕ್ ಬ್ರೂನೆಲ್, ಕಟ್ಟಿಕೊಟ್ಟವನು ಹೆನ್ರಿ ಮಾಡ್ಸ್‌ಲೆ, ಸರ್ಕಾರದ ಕಡೆಯಿಂದ ಹಿಂದೆ ನಿಂತವನು ಸ್ಯಾಮ್ಯುಯೆಲ್ ಬೆಂಥಮ್. 1808ರಲ್ಲಿ ಅಲ್ಲಿ ವರ್ಷಕ್ಕೆ 1,30,000 ರಾಟೆ ತಯಾರಾಗುತ್ತಿತ್ತು. ನುರಿತ 110 ಮಂದಿ ಮಾಡುತ್ತಿದ್ದದ್ದನ್ನ 10 ಮಂದಿ ಸಾಮಾನ್ಯ ಆಳುಗಳು ಮಾಡಿದರು ಅಂತ ಆಗಿನ ಲೆಕ್ಕ.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ಯಂತ್ರಕ್ಕೆ ಒಂದೇ ಕೆಲಸ. ಕೋನ, ಅಳತೆ ಎಲ್ಲಾ ಯಂತ್ರದೊಳಗೇ ಕೂತಿದ್ದವು. ಆಳು ಮರ ಇಟ್ಟರೆ ಸಾಕು, ಯೋಚಿಸಬೇಕಾಗಿರಲಿಲ್ಲ.

ಇದೇ ಬೆಂಥಮ್ 1793ರಲ್ಲೇ ಇನ್ನೊಂದು ದಾರಿ ಬರೆದಿಟ್ಟಿದ್ದ. ಅವನ ಪೇಟೆಂಟ್‌ನಲ್ಲಿ ಸೀಳು ಇರೋ ಗರಗಸದ ಮೇಜಿದೆ, ನೇರ ಸೀಳೋಕೆ ಒಂದು ಮಾರ್ಗದರ್ಶಿ ಪಟ್ಟಿಯಿದೆ, ಓರೆಯಾಗಿ ಕತ್ತರಿಸೋಕೆ ಜಾರುವ ಮಾರ್ಗದರ್ಶಿಯೂ ಇದೆ. ಇಂದಿನ ಟೇಬಲ್ ಸಾದ ಫೆನ್ಸ್ ಮತ್ತು ಮೈಟರ್ ಗೇಜ್‌ಗಳ ಹಿರಿಯರು ಇವರೇ. ಇಲ್ಲಿ ಕೋನ ಯಂತ್ರದೊಳಗಿಲ್ಲ, ಕೆಲಸಗಾರನ ಕೈಗೆ ಬಂತು. ಸ್ವಾತಂತ್ರ್ಯ ಬಂತು, ಜೊತೆಗೆ ಸರಿನೋಡುವ ಹೊಣೆಯೂ ಬಂತು.

▪️ ಡಿಗ್ರಿ ಗೆರೆ

ಹಾಗಾದ್ರೆ ಕೋನ ತೋರಿಸೋ ಗೆರೆಗಳು? ವೃತ್ತವನ್ನ 360 ಭಾಗ ಮಾಡೋದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ಬಹುಕಾಲ ನುರಿತ ಕುಶಲಿಗಳು ಕೈಯಿಂದಲೇ ಒಂದೊಂದೇ ಗೆರೆ ಕೊರೆಯುತ್ತಿದ್ದರು. ಸಮುದ್ರದಲ್ಲಿ ಗೆರೆ ತಪ್ಪಿದರೆ ಹಡಗು ಎಲ್ಲಿದೆ ಅನ್ನೋ ಲೆಕ್ಕವೇ ತಪ್ಪುತ್ತಿತ್ತು.

ಲಂಡನ್ನಿನ ಜೆಸ್ಸಿ ರ‍್ಯಾಮ್ಸ್‌ಡೆನ್ ಇದಕ್ಕೆ ಒಂದು ಯಂತ್ರ ಮಾಡಿದ. 45 ಇಂಚು ಅಗಲದ ಚಕ್ರ, ಅದರ ಅಂಚಿನಲ್ಲಿ 2160 ಹಲ್ಲು, ಹಲ್ಲಿಗೆ ಕಚ್ಚಿಕೊಂಡ ಒಂದು ತಿರುಪು. ತಿರುಪನ್ನ ಆರು ಸುತ್ತು ತಿರುಗಿಸಿದರೆ ಸರಿಯಾಗಿ ಒಂದು ಡಿಗ್ರಿ. ಗುಟ್ಟು ಬಚ್ಚಿಡಬಾರದು, ಬೇರೆಯವರಿಗೂ ಕಲಿಸಬೇಕು ಅನ್ನೋ ಷರತ್ತಿನ ಮೇಲೆ ಬ್ರಿಟನ್ನಿನ ರೇಖಾಂಶ ಮಂಡಳಿ ಅವನಿಗೆ ಹಣ ಕೊಟ್ಟಿತು. 1777ರಲ್ಲಿ ಅದರ ವಿವರಣೆ ಅಚ್ಚಾಯಿತು. ಮಿಲ್ಲರ್‌ನ ಪೇಟೆಂಟ್ ಬಂದ ವರ್ಷವೇ!

ಈಗ ಒಂದು ಲೆಕ್ಕ. ರ‍್ಯಾಮ್ಸ್‌ಡೆನ್‌ನ ಚಕ್ರದ ಅಂಚಿನಲ್ಲಿ ಒಂದು ಡಿಗ್ರಿ ಅಂದ್ರೆ ಸುಮಾರು 10 ಮಿ.ಮೀ. ನಮ್ಮ ಮೈಟರ್ ಗೇಜ್‌ನ ತಲೆಯಲ್ಲಿ ಗೆರೆಗಳು ನಡುವಿನಿಂದ 60 ಮಿ.ಮೀ. ದೂರದಲ್ಲಿದ್ದರೆ ಒಂದು ಡಿಗ್ರಿ ಬರೀ 1 ಮಿ.ಮೀ. ಗೆರೆಯ ದಪ್ಪವೇ ಕಾಲು ಮಿ.ಮೀ. ಇದ್ದರೆ? ಕಾಲು ಡಿಗ್ರಿ ಅಲ್ಲೇ ಹೋಯ್ತು.

ಕಾಲು ಡಿಗ್ರಿ ತಾನೇ ಅಂತೀರಾ? ಫೋಟೊ ಫ್ರೇಮಿಗೆ ಎಂಟು ಮೈಟರ್ ಕಟ್ ಬೇಕು. ಎಂಟರಲ್ಲೂ ಅದೇ ತಪ್ಪು ಒಂದೇ ಕಡೆಗೆ ಬಿದ್ದರೆ ಒಟ್ಟು 2 ಡಿಗ್ರಿ. ಮೂರು ಮೂಲೆ ಕೂಡಿಸಿದ ಮೇಲೆ, 60 ಮಿ.ಮೀ. ಅಗಲದ ಪಟ್ಟಿಯಲ್ಲಿ ನಾಲ್ಕನೇ ಮೂಲೆ ಸುಮಾರು 3 ಮಿ.ಮೀ. ಬಾಯಿ ಬಿಡುತ್ತೆ. ಅದಕ್ಕೇ ತಲೆಬರಹದಲ್ಲಿ ಹಾಗೆ ಅಂದಿದ್ದು.

▪️ ಬರ್ಲಿನ್, ಮಿಲ್ವಾಕಿ

1906ರಲ್ಲಿ ಬರ್ಲಿನ್‌ನ ಬಡಗಿ ವಿಲ್ಹೆಲ್ಮ್ ಆಲ್ಟೆಂಡಾರ್ಫ್ ಈ ಸಮಸ್ಯೆಗೆ ಬೇರೆ ಉತ್ತರ ಕೊಟ್ಟ. ಮೇಜಿನ ಒಂದು ಭಾಗವೇ ಹಲಗೆಯನ್ನ ಹೊತ್ತುಕೊಂಡು ಜಾರಲಿ! ಇಂದು ನಮ್ಮ ಫರ್ನಿಚರ್ ಕಾರ್ಖಾನೆಗಳಲ್ಲಿ ಇಡೀ ಪ್ಲೈವುಡ್ ಹಾಳೆ ಕತ್ತರಿಸೋ ಪ್ಯಾನೆಲ್ ಸಾ ಇದೇ ವಂಶ.

ಅಮೆರಿಕ ಹೋದ ದಾರಿ ಬೇರೆ. 1919ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ ಡೆಲ್ಟಾ ಕಂಪನಿ ಮನೆಯ ಶೆಡ್ಡಿಗೆ ಹೊಂದುವ ಸಣ್ಣ ವಿದ್ಯುತ್ ಯಂತ್ರಗಳನ್ನ ಮಾರಿತು. ಆಗಿನ ಹಲವು ಗರಗಸಗಳಲ್ಲಿ ಓರೆ ಬೇಕಾದರೆ ಮೇಜನ್ನೇ ವಾಲಿಸಬೇಕಿತ್ತು. ವಾಲಿದ ಮೇಜಿನ ಮೇಲೆ ಮೈಟರ್ ಗೇಜ್ ಹಿಡಿಯೋದು ಇಳಿಜಾರಿನಲ್ಲಿ ಗಾಡಿ ಹಿಡಿದ ಹಾಗೆ. 1939ರ ಯೂನಿಸಾದಲ್ಲಿ ಮೇಜು ಸಮತಟ್ಟಾಗೇ ಉಳಿದು ಗರಗಸ ವಾಲಿತು. ಅಮೆರಿಕನ್ ಮೇಜುಗಳಲ್ಲಿ ಮುಕ್ಕಾಲು ಇಂಚು ಅಗಲ, ಮೂರೆಂಟಾಂಶ ಇಂಚು ಆಳದ ಜಾಡು ರೂಢಿಯಾಯ್ತು. ಹಾಗಾಗಿ ಒಬ್ಬರ ಗೇಜ್ ಇನ್ನೊಬ್ಬರ ಮೇಜಿಗೆ ಹೊಂದೋ ಕಾಲ ಬಂತು.

▪️ ಕೊಳ್ಳೋ ಮುಂಚೆ

🔸 ನಿಮ್ಮ ಮೇಜಿನ ಜಾಡನ್ನ ಅಳೆಯಿರಿ. ಸಣ್ಣ ಯಂತ್ರಗಳಲ್ಲಿ ಮುಕ್ಕಾಲು ಇಂಚು ಇರಲೇಬೇಕು ಅಂತೇನಿಲ್ಲ.
🔸 ಪಟ್ಟಿಯ ಪಕ್ಕದಲ್ಲಿ ಬಿಗಿ-ಸಡಿಲ ಮಾಡೋ ತಿರುಪು ಇದೆಯಾ ನೋಡಿ. ಹೊಳೆಯೋ ತಲೆಗಿಂತ ಇದು ಮುಖ್ಯ.
🔸 ಗೆರೆಗಿಂತ ಹಲ್ಲು ವಾಸಿ. ಕೆಲವು ಗೇಜ್‌ಗಳಲ್ಲಿ ಪ್ರತಿ ಡಿಗ್ರಿಗೂ ಕಚ್ಚಿಕೊಳ್ಳೋ ಹಲ್ಲಿದೆ. ರ‍್ಯಾಮ್ಸ್‌ಡೆನ್‌ನ ಯೋಚನೆ ನೆನಪಾಗುತ್ತೆ ಅಲ್ವಾ? ಕನಿಷ್ಠ 90, 45, 22.5ಕ್ಕೆ ಇರಲಿ.
🔸 ಉದ್ದನೆಯ ಫೆನ್ಸ್, ಅದರ ಮೇಲೆ ಸ್ಟಾಪ್. ಎದುರುಬದುರಿನ ಪಟ್ಟಿಗಳ ಉದ್ದ ಒಂದೇ ಇರದಿದ್ದರೆ ಕೋನ ಸರಿಯಿದ್ದೂ ಫ್ರೇಮ್ ಕೂಡಲ್ಲ.

▪️ ಕೂರಿಸೋದು (ಮೊದಲು ಪ್ಲಗ್ ಕೀಳಿ!)

1️⃣ ಜಾಡು ಮತ್ತು ಗರಗಸ. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ. ಅದು ಮುಂದಿದ್ದಾಗ ಜಾಡಿನಿಂದ ಎಷ್ಟು ದೂರ, ಕೈಯಿಂದ ತಿರುಗಿಸಿ ಅದೇ ಹಲ್ಲನ್ನ ಹಿಂದಕ್ಕೆ ತಂದಾಗ ಎಷ್ಟು ದೂರ, ಅಳೆಯಿರಿ. ಎರಡೂ ಒಂದೇ ಬರಬೇಕು. ಇದು ತಪ್ಪಿದ್ದರೆ ಎಂಥ ದುಬಾರಿ ಗೇಜ್ ತಂದರೂ ದಂಡ.

2️⃣ ಅಲುಗಾಟ. ಪಟ್ಟಿ ಜಾಡಿನಲ್ಲಿ ಸರಾಗ ಜಾರಬೇಕು, ಪಕ್ಕಕ್ಕೆ ಅಲುಗಬಾರದು. ತಿರುಪು ಇಲ್ಲದ ಹಳೇ ಪಟ್ಟಿಯಾದ್ರೆ ಪಕ್ಕದಲ್ಲಿ ಸೆಂಟರ್ ಪಂಚ್‌ನಿಂದ ಸಣ್ಣ ಗುಳಿ ಹೊಡೆಯಿರಿ. ಸುತ್ತಲಿನ ಲೋಹ ಉಬ್ಬಿ ಸಡಿಲ ತುಂಬುತ್ತೆ.

3️⃣ 90 ಡಿಗ್ರಿ. ಮೂಲೆಮಟ್ಟ ಇಟ್ಟು ಹತ್ತಿರಕ್ಕೆ ತನ್ನಿ. ಆಮೇಲೆ ಐದು ಕಟ್ ಪರೀಕ್ಷೆ: 300 ಮಿ.ಮೀ. ಚೌಕದ ಪ್ಲೈವುಡ್ ತುಂಡಿನ ಒಂದು ಅಂಚು ಕತ್ತರಿಸಿ, ಕತ್ತರಿಸಿದ ಅಂಚನ್ನೇ ಫೆನ್ಸಿಗೆ ಒರಗಿಸಿ ಮುಂದಿನದು, ಹೀಗೆ ನಾಲ್ಕು. ಐದನೆಯದರಲ್ಲಿ ಮೊದಲ ಅಂಚಿನಿಂದಲೇ ಎರಡು ಬೆರಳಗಲದ ಪಟ್ಟಿ ತೆಗೆದು ಎರಡೂ ತುದಿಯ ಅಗಲ ಅಳೆಯಿರಿ. ವ್ಯತ್ಯಾಸ 0.4 ಮಿ.ಮೀ. ಬಂದರೆ ನಾಲ್ಕರಿಂದ ಭಾಗಿಸಿ: ನಿಜವಾದ ತಪ್ಪು 300 ಮಿ.ಮೀ.ಗೆ 0.1. ತಪ್ಪನ್ನ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸೋದೇ ಇದರ ಗುಟ್ಟು.

4️⃣ 45 ಡಿಗ್ರಿ. ಚೂರು ಮರದಲ್ಲಿ ಪುಟ್ಟ ಫ್ರೇಮ್ ಕತ್ತರಿಸಿ ಕೂಡಿಸಿ. ನಾಲ್ಕನೇ ಮೂಲೆ ಮುಚ್ಚಿದರೆ ಗೇಜ್ ಸರಿ.

▪️ ಬೆರಳಿನ ಮಾತು

ಮೈಟರ್ ಗೇಜ್ ಮತ್ತು ಫೆನ್ಸ್ ಎರಡಕ್ಕೂ ಮರ ತಾಗಿಸಿ ಪೂರ್ತಿ ಕತ್ತರಿಸಬೇಡಿ. ತುಂಡಾದ ಚೂರು ಬ್ಲೇಡ್ ಮತ್ತು ಫೆನ್ಸ್ ಮಧ್ಯೆ ಸಿಕ್ಕಿಕೊಂಡು ನಿಮ್ಮ ಕಡೆಗೇ ಹಾರುತ್ತೆ. ಅಳತೆಗೆ ಫೆನ್ಸ್ ಬೇಕೇ ಬೇಕು ಅಂದ್ರೆ, ಬ್ಲೇಡಿಗಿಂತ ಹಿಂದೆ, ನಿಮ್ಮ ಬದಿಯಲ್ಲೇ ಮುಗಿಯೋ ಹಾಗೆ ಫೆನ್ಸಿಗೆ ಒಂದು ಮರದ ತುಂಡು ಬಿಗಿದು ಅದಕ್ಕೆ ತಾಗಿಸಿ ಅಳೆಯಿರಿ.

ನಮ್ಮಲ್ಲಿ ಎಷ್ಟೋ ಸೈಟುಗಳಲ್ಲಿ ಕೈಯಲ್ಲಿ ಹಿಡಿಯೋ ಮಷಿನ್ನನ್ನೇ ಪ್ಲೈವುಡ್ ಕೆಳಗೆ ತಲೆಕೆಳಗಾಗಿ ಬಿಗಿದು ಮೇಜು ಮಾಡ್ಕೊಳ್ತಾರೆ. ಜಾಡಿಲ್ಲ, ಗಾರ್ಡ್ ಇಲ್ಲ, ಅಡ್ಡ ಕಟ್ಟಿಗೆ ಅಂಗೈಯೇ ಗೇಜ್. ಅಲ್ಲಿ ಬೆಂಥಮ್‌ಗಿಂತ ಹಿಂದಿನ ಕಾಲಕ್ಕೆ ಹೋದ ಹಾಗೆ! ಮೇಜಿನ ಅಂಚು ಬ್ಲೇಡಿಗೆ ಸಮಾನಾಂತರ ಇದ್ದರೆ, ಆ ಅಂಚಿಗೆ ತಾಗಿ ಓಡೋ ಹಾಗೆ ಒಂದು ಹಲಗೆಯ ಕೆಳಗೆ ರೀಪರ್ ಬಡಿಯಿರಿ, ಮೇಲೆ ಅಡ್ಡಪಟ್ಟಿ ಹಾಕಿ. ಗಾರ್ಡ್ ಇಲ್ಲದ ಕೊರತೆ ಇದರಿಂದ ತೀರಲ್ಲ. ಆದರೆ ಮರ ತಿರುಚಿಕೊಳ್ಳೋದು ತಪ್ಪುತ್ತೆ, ಕೈ ಬ್ಲೇಡಿನ ದಾರಿಯಿಂದ ದೂರ ಇರುತ್ತೆ.

ರ‍್ಯಾಮ್ಸ್‌ಡೆನ್ ಗೆರೆ ಎಳೆಯೋದು ಕಲಿಸಿದ. ಆ ಗೆರೆ ನಿಮ್ಮ ಮೇಜಿನ ಮೇಲೆ ನಿಜವೋ ಸುಳ್ಳೋ ಅಂತ ಹೇಳೋದು ಮಾತ್ರ ನೀವು ಕತ್ತರಿಸಿದ ಐದನೇ ಪಟ್ಟಿ.

ನಿಮ್ಮ ಕಡೆ ಬಡಗಿಗಳು ಮೈಟರ್ ಕಟ್ಟಿಗೆ ಏನಂತಾರೆ? ಊರಿನ ಹೆಸರಿನ ಜೊತೆ ಕಾಮೆಂಟಲ್ಲಿ ಬರೀರಿ. ಮುಂದಿನ ಕಂತು: ಮೂಲೆಮಟ್ಟ.

#ಹತಾರಗಳಚರಿತ್ರೆ #ಮರಗೆಲಸ #ಬಡಗಿ #ಟೇಬಲ್‌ಸಾ #ಕನ್ನಡದಲ್ಲಿಓದಿ