ಏರಿನಲ್ಲಿ ಬಯಲಾಗುವ ಮುಪ್ಪು: ರೇವಾ ಬ್ಯಾಟರಿ ಮತ್ತು ಕಾರಿನ ಎಳೆತ

ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ವಯಸ್ಸಾಯಿತೇ ಎಂದು ತಿಳಿಯಲು ನಾವು ಕೇಳುವುದು ಒಂದೇ ಪ್ರಶ್ನೆ: ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಬರುತ್ತದೆ? ಹಳೆಯ ಬೆಂಗಳೂರಿನ ಮಟ್ಟಿಗಂತೂ ಇದು ತಪ್ಪು ಅಳತೆಗೋಲು. 1892ರ ಚಾಮರಾಜಪೇಟೆ, ಪ್ಲೇಗಿನ ಕಾಲದಲ್ಲಿ, 1898ರ ಸುಮಾರಿಗೆ, ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರ, ಇವುಗಳ ನಡುವಿನ ಓಡಾಟ ಹತ್ತು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಇಲ್ಲಿ ಕಾರು ಸೋಲುವುದು ದೂರದಲ್ಲಲ್ಲ. ಬಸವನಗುಡಿಯ ಬ್ಯೂಗಲ್ ರಾಕ್ ಬದಿಯ ಏರಿನಲ್ಲಿ, ಮಲ್ಲೇಶ್ವರದ ಇಳಿಜಾರು ಕ್ರಾಸುಗಳಲ್ಲಿ, ಸಿಗ್ನಲ್ ಬಿಟ್ಟ ಮೊದಲ ಕ್ಷಣದಲ್ಲಿ. ಜನ ಅದನ್ನೇ 'ಪಿಕಪ್ ಹೋಯ್ತು' ಎನ್ನುತ್ತಾರೆ.

ಈ ಮಾತಿಗೆ ಒಳ್ಳೆಯ ನಿದರ್ಶನ ಬೆಂಗಳೂರಿನದೇ ರೇವಾ. ಚೇತನ್ ಮೈನಿಯವರ ಈ ಪುಟ್ಟ ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ತಲಾ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿ ಸೇರಿ 48 ವೋಲ್ಟ್. ಚಾರ್ಜಿಗೆ ಮನೆಯ 15 ಆಂಪಿಯರ್ ಪ್ಲಗ್ ಸಾಕು.

ಬ್ಯಾಟರಿ ಹಳತಾದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಧನ ಫಲಕದ ಜಾಲರಿ ಸವೆಯುತ್ತದೆ. ಹಿಡಿಯುವ ವಿದ್ಯುತ್ತು ಕಡಿಮೆಯಾಗುವುದು ಒಂದು ಫಲ. ಆಂತರಿಕ ರೋಧ ಏರುವುದು ಇನ್ನೊಂದು; ಎಳೆತವನ್ನು ತಿನ್ನುವುದು ಇದೇ. ಒಂದು ಲೆಕ್ಕ ಹಾಕೋಣ (ಅಂಕಿಗಳು ಊಹೆಯವು, ತತ್ವ ಓಮ್‌ನದು). ಹೊಸ ಸರಣಿಯ ರೋಧ 20 ಮಿಲಿಓಮ್ ಎಂದುಕೊಂಡರೆ, 300 ಆಂಪಿಯರ್ ಎಳೆದಾಗ 6 ವೋಲ್ಟ್ ಒಳಗೇ ಕರಗಿ 42 ವೋಲ್ಟ್ ಉಳಿಯುತ್ತದೆ: ಮೋಟಾರಿಗೆ 12.6 ಕಿಲೋವ್ಯಾಟ್. ರೋಧ ಇಮ್ಮಡಿಸಿದರೆ ವೋಲ್ಟೇಜ್ 36ಕ್ಕೆ ಕುಸಿಯಬೇಕು. ಆದರೆ ಕಂಟ್ರೋಲರ್ 40 ವೋಲ್ಟಿಗಿಂತ ಕೆಳಗೆ ಬಿಡುವುದಿಲ್ಲವೆಂದಾದರೆ ಕರೆಂಟನ್ನೇ 200 ಆಂಪಿಯರಿಗೆ ತಗ್ಗಿಸುತ್ತದೆ. ಸಿಗುವುದು 8 ಕಿಲೋವ್ಯಾಟ್, ಮೊದಲಿನ ಮೂರನೇ ಎರಡಕ್ಕೂ ಕಡಿಮೆ. ಸಪಾಟು ರಸ್ತೆಯಲ್ಲಿ ನಿಧಾನವಾಗಿ ಹೋಗುವವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಕಡಿಮೆ ಕರೆಂಟಿನಲ್ಲಿ ಈ ನಷ್ಟ ಅಲ್ಪ.

ಸರಣಿಯಾದ್ದರಿಂದ ಎಂಟರಲ್ಲಿ ಒಂದು ಸೊರಗಿದರೂ ಉಳಿದ ಏಳು ಅದರ ಹೆಜ್ಜೆಗೇ ಹೆಜ್ಜೆ ಹಾಕಬೇಕು. ಒಂದನ್ನು ಮಾತ್ರ ಹೊಸದು ಹಾಕಿಸುವುದು ಅಗ್ಗದ ಉಪಾಯವೆನಿಸುತ್ತದೆ. ಆದರೆ ಹಳತರ ಜೊತೆ ಹೊಸತರ ಚಾರ್ಜ್ ಹೊಂದದೆ ಅದೂ ಬೇಗ ಮುದಿಯಾಗುತ್ತದೆ.

2010ರಲ್ಲಿ ರೇವಾ ಕಂಪನಿ ಮಹೀಂದ್ರಾ ಕೈಸೇರಿ, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಲಿಥಿಯಂನಲ್ಲೂ ಗ್ರಾಫೈಟಿನ ಮೇಲೆ ಪದರ ಬೆಳೆದು ರೋಧ ಏರುತ್ತದೆ. ಆದರೆ ಇಂದಿನ ದೊಡ್ಡ ಬ್ಯಾಟರಿಗಳಲ್ಲಿ ಮೋಟಾರು ಕೇಳುವುದಕ್ಕಿಂತ ಹೆಚ್ಚು ಕೊಡುವ ತ್ರಾಣ ಮೀಸಲಿರುವುದರಿಂದ ಮುಪ್ಪು ವರ್ಷಗಟ್ಟಲೆ ಮರೆಯಲ್ಲಿರಬಲ್ಲದು. ಚಾರ್ಜ್ ತಳಕ್ಕಿಳಿದಾಗ, ಜನವರಿಯ ಚಳಿ ಮುಂಜಾನೆಗಳಲ್ಲಿ ಅದು ಇಣುಕುತ್ತದೆ. ತಣ್ಣಗಿನ ಕೋಶದ ರೋಧ ಮೊದಲೇ ಹೆಚ್ಚು.

ಹೀಗಾಗಿ ಹಳೆಯ ಕಾರು ಕೊಳ್ಳುವವರು ಮೀಟರಿನ ಕಿಲೋಮೀಟರ್ ನಂಬುವ ಬದಲು, ಅರ್ಧಕ್ಕಿಂತ ಕಡಿಮೆ ಚಾರ್ಜಿನಲ್ಲಿ, ಇಬ್ಬರನ್ನು ಕೂರಿಸಿಕೊಂಡು, ಬಸವನಗುಡಿಯ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಲಿ.