ಯೆಹೂದಿ ಯಾರು? ದೇವರಿಗಿಂತ ಕಠಿಣವಾದ ಪ್ರಶ್ನೆ

1948ರ ಮೇ 14ರಂದು ಟೆಲ್ ಅವೀವ್‌ನಲ್ಲಿ ಇಸ್ರೇಲ್ ದೇಶದ ಸ್ಥಾಪನೆಯ ಘೋಷಣೆಯಾಯಿತು. ಆ ಘೋಷಣಾಪತ್ರ ಸಿದ್ಧವಾಗುವಾಗ ಒಂದು ಪದಕ್ಕಾಗಿ ಜಗ್ಗಾಟ ನಡೆದಿತ್ತು. ಪತ್ರದಲ್ಲಿ ದೇವರ ಹೆಸರು ಇರಲೇಬೇಕು ಎಂದು ಧಾರ್ಮಿಕ ಪಕ್ಷದ ರಬ್ಬಿ ಮೈಮೋನ್ ಪಟ್ಟು ಹಿಡಿದರು. ನಾನು ನಂಬದ ದೇವರ ಹೆಸರಿನಡಿ ಸಹಿ ಹಾಕುವುದು ಹೇಗೆ ಎಂಬುದು ಎಡಪಂಥೀಯ ಅಹರೋನ್ ಜಿಸ್ಲಿಂಗ್ ಅವರ ಆಕ್ಷೇಪ. ಬೆನ್-ಗುರಿಯನ್ ನಡುದಾರಿ ಹಿಡಿದರು. ಪತ್ರದ ಕೊನೆಯಲ್ಲಿ 'ತ್ಸೂರ್ ಇಸ್ರಾಯೇಲ್' ಎಂಬ ಮಾತು ಉಳಿಯಿತು. ಹಾಗೆಂದರೆ ಇಸ್ರೇಲಿನ ಬಂಡೆ. ಭಕ್ತರಿಗೆ ಅದು ಪ್ರಾರ್ಥನೆಯಲ್ಲಿ ಬರುವ ದೇವರ ಹೆಸರು, ನಾಸ್ತಿಕರಿಗೆ ಒಂದು ಜನದ ಗಟ್ಟಿತನದ ರೂಪಕ. ಇಬ್ಬರೂ ಸಹಿ ಹಾಕಿದರು.

ದೇವರ ವಿಷಯ ಒಂದು ಪದದಲ್ಲಿ ಬಗೆಹರಿಯಿತು. ಆದರೆ 'ಯೆಹೂದಿ ಎಂದರೆ ಯಾರು' ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಆಧುನಿಕ ಯೆಹೂದಿಗಳ ಚರಿತ್ರೆಯ ವಿಚಿತ್ರ ಇಲ್ಲಿದೆ. ಕಳೆದ ಮುನ್ನೂರೈವತ್ತು ವರ್ಷಗಳಲ್ಲಿ ದೇವರ ಬಗೆಗಿನ ಭಿನ್ನಮತವನ್ನು ಆ ಸಮಾಜ ಬರಬರುತ್ತಾ ಸಹಿಸಲು ಕಲಿಯಿತು. ಅದೇ ಹೊತ್ತಿಗೆ ಯಾರು ನಮ್ಮವರು ಎಂಬ ಲೆಕ್ಕಾಚಾರ ಬಿಗಿಯಾಗುತ್ತಾ ಬಂತು.

ಕಥೆಯನ್ನು ಸ್ಪಿನೋಜಾನಿಂದ ಶುರುಮಾಡಬಹುದು. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಪೋರ್ಚುಗೀಸ್ ಯೆಹೂದಿ ಸಮುದಾಯ ಬಾರೂಖ್ ಸ್ಪಿನೋಜಾನಿಗೆ ಬಹಿಷ್ಕಾರ ಹಾಕಿತು. ಆಗ ಅವನಿಗೆ 23 ವರ್ಷ. ಅವನೊಡನೆ ಯಾರೂ ಮಾತಾಡಬಾರದು, ಅವನಿಂದ ನಾಲ್ಕು ಮೊಳ ದೂರದೊಳಗೆ ಬರಬಾರದು, ಅವನು ಬರೆದದ್ದನ್ನು ಓದಬಾರದು. ಅವನ ತಪ್ಪೇನು ಎಂದು ಬಹಿಷ್ಕಾರದ ಪತ್ರ ಬಿಡಿಸಿ ಹೇಳುವುದಿಲ್ಲ. ಮುಂದೆ ಅವನು ಬರೆದ ಪುಸ್ತಕಗಳಲ್ಲಿ ದೇವರು ಬೇರೆ, ಪ್ರಕೃತಿ ಬೇರೆ ಅಲ್ಲ. ಆ ದೇವರು ಯಾರನ್ನೂ ಆರಿಸುವುದಿಲ್ಲ, ಯಾರ ಮೊರೆಯನ್ನೂ ಕೇಳುವುದಿಲ್ಲ. ಅದ್ವೈತ ಕೇಳಿ ಬೆಳೆದ ನಮ್ಮ ಕಿವಿಗೆ ಇದು ತೀರಾ ಹೊಸ ಮಾತಾಗಿ ಕೇಳಿಸದಿರಬಹುದು. ಸಿನಾಯ್ ಬೆಟ್ಟದ ಮೇಲೆ ಮೋಶೆಯೊಡನೆ ಮಾತಾಡಿದ ದೇವರನ್ನು ನಂಬಿದವರಿಗೆ ಅದು ಬುಡವನ್ನೇ ಅಲ್ಲಾಡಿಸುವ ಮಾತಾಗಿತ್ತು. ಸ್ಪಿನೋಜಾ ಕ್ರೈಸ್ತನಾಗಲಿಲ್ಲ, ತನ್ನವರ ಬಳಿಗೆ ಮರಳಿಯೂ ಹೋಗಲಿಲ್ಲ. ಯಾವ ಧರ್ಮಕ್ಕೂ ಸೇರದೆ ಬದುಕಿ 1677ರಲ್ಲಿ ತೀರಿಕೊಂಡ.

ನೂರು ವರ್ಷದ ನಂತರ ಬರ್ಲಿನ್ನಿನಲ್ಲಿ ಮೋಸೆಸ್ ಮೆಂಡೆಲ್‌ಸನ್ (1729–1786) ಬೇರೆ ದಾರಿ ಹುಡುಕಿದರು. ಅವರು ಇಡೀ ಜರ್ಮನಿ ಮೆಚ್ಚಿದ ತತ್ತ್ವಜ್ಞಾನಿ, ಮನೆಯಲ್ಲಿ ಶಾಸ್ತ್ರ ತಪ್ಪದ ಯೆಹೂದಿ. ಇಷ್ಟು ವಿವೇಕಿಯಾದವರು ಕ್ರೈಸ್ತರಾಗಬಾರದೇಕೆ ಎಂದು 1769ರಲ್ಲಿ ಲಾವಾಟರ್ ಎಂಬ ಪಾದ್ರಿ ಅವರಿಗೆ ಬಹಿರಂಗವಾಗಿ ಸವಾಲು ಹಾಕಿದ. 1783ರಲ್ಲಿ ಬರೆದ 'ಜೆರುಸಲೇಮ್' ಎಂಬ ಪುಸ್ತಕದಲ್ಲಿ ಮೆಂಡೆಲ್‌ಸನ್ ತಮ್ಮ ನಿಲುವನ್ನು ವಿವರಿಸಿದರು. ದೇವರಿದ್ದಾನೆ ಎಂಬ ಸತ್ಯ ಬುದ್ಧಿಯಿರುವ ಎಲ್ಲರಿಗೂ ಸೇರಿದ್ದು. ಯೆಹೂದಿಗಳಿಗೆ ದೇವರು ಕೊಟ್ಟದ್ದು ಸಿದ್ಧಾಂತವನ್ನಲ್ಲ, ಆಚಾರವನ್ನು. ಏನು ನಂಬಬೇಕೆಂದು ಯಾರೂ ಆಜ್ಞೆ ಮಾಡಲಾರರು, ಏನು ಮಾಡಬೇಕೆಂದು ಮಾತ್ರ ಹೇಳಬಹುದು ಎಂಬುದು ಅವರ ವಾದದ ತಿರುಳು. ಅದು ಮುಂದಿನ ತಲೆಮಾರಿಗೆ ಸಾಲಲಿಲ್ಲ. ಅವರ ಮಕ್ಕಳಲ್ಲಿ ನಾಲ್ವರು ಕ್ರೈಸ್ತರಾದರು. ಮೊಮ್ಮಗ, ಸಂಗೀತಗಾರ ಫೆಲಿಕ್ಸ್ ಮೆಂಡೆಲ್‌ಸನ್‌ಗೆ ಬಾಲ್ಯದಲ್ಲೇ ದೀಕ್ಷಾಸ್ನಾನವಾಯಿತು.

ಈ ನಡುವೆ ಫ್ರಾನ್ಸಿನ ಕ್ರಾಂತಿ ಯೆಹೂದಿಗಳಿಗೆ ಒಂದು ಕರಾರು ಮುಂದಿಟ್ಟಿತು. ಒಬ್ಬೊಬ್ಬ ಪ್ರಜೆಯಾಗಿ ಬಂದರೆ ಎಲ್ಲ ಹಕ್ಕೂ ಉಂಟು, ಪ್ರತ್ಯೇಕ ಜನಾಂಗವಾಗಿ ಬಂದರೆ ಏನೂ ಇಲ್ಲ. 1791ರಲ್ಲಿ ಅಲ್ಲಿಯ ಯೆಹೂದಿಗಳಿಗೆ ಪೂರ್ಣ ಪೌರತ್ವ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದ ಸುಧಾರಣಾವಾದಿಗಳು ಈ ಕರಾರನ್ನು ಮನಸಾರೆ ಒಪ್ಪಿದರು. ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1885ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿ, ನಾವು ಇನ್ನು ಮುಂದೆ ಜನಾಂಗವಲ್ಲ, ಒಂದು ಧರ್ಮದ ಸಮುದಾಯ ಮಾತ್ರ ಎಂದು ಸಾರಿದರು. ಹನ್ನೆರಡೇ ವರ್ಷದಲ್ಲಿ, 1897ರಲ್ಲಿ, ಹರ್ಜಲ್ ಬಾಸೆಲ್ ನಗರದಲ್ಲಿ ಸೇರಿಸಿದ ಮೊದಲ ಜಿಯೋನಿಸ್ಟ್ ಸಮಾವೇಶ ಇದಕ್ಕೆ ತದ್ವಿರುದ್ಧವಾಗಿ ನಿಂತಿತು: ನಾವು ಒಂದು ಜನಾಂಗ, ಧರ್ಮ ಅವರವರ ಇಷ್ಟ. ಒಂದು ಗುಂಪು ದೇವರನ್ನಿಟ್ಟುಕೊಂಡು ಜನಾಂಗವನ್ನು ಕಳಚಿತು, ಇನ್ನೊಂದು ಗುಂಪಿನ ಹಲವರು ಜನಾಂಗವನ್ನಿಟ್ಟುಕೊಂಡು ದೇವರನ್ನು ಕಳಚಿದರು. ಎರಡನ್ನೂ ಬಿಡಬಾರದೆಂದು ಸಂಪ್ರದಾಯಸ್ಥರು ಎರಡು ಕಡೆಯವರನ್ನೂ ಬೈದರು.

ಇವನ್ನೆಲ್ಲ ಕೂಡಿಸಲು ಹೊರಟವರು ನ್ಯೂಯಾರ್ಕಿನ ರಬ್ಬಿ ಮೊರ್ಡೆಕಾಯ್ ಕಪ್ಲಾನ್. ಯೆಹೂದಿ ಧರ್ಮವೆಂದರೆ ಬರೀ ಮತವಲ್ಲ, ಭಾಷೆ, ಅಡುಗೆ, ಹಾಡು, ಹಬ್ಬ ಎಲ್ಲ ಕೂಡಿದ ಒಂದು ನಾಗರಿಕತೆ ಎಂದು ಅವರು 1934ರಲ್ಲಿ ಬರೆದರು. ಅವರ ದೇವರು ಆಕಾಶದಲ್ಲಿ ಕೂತ ಒಡೆಯನಲ್ಲ, ಮನುಷ್ಯನನ್ನು ಒಳಿತಿನ ಕಡೆ ನಡೆಸುವ ಶಕ್ತಿ. ತಾವು ದೇವರು ಆರಿಸಿದ ಜನ ಎಂಬ ಮಾತನ್ನೂ ಅವರು ಪ್ರಾರ್ಥನೆಯಿಂದ ತೆಗೆದುಹಾಕಿದರು. 1945ರ ಜೂನ್‌ನಲ್ಲಿ ಸಂಪ್ರದಾಯಸ್ಥ ರಬ್ಬಿಗಳು ಅವರಿಗೆ ಬಹಿಷ್ಕಾರ ಹಾಕಿದರು, ಅವರ ಪ್ರಾರ್ಥನಾ ಪುಸ್ತಕವನ್ನು ಅಲ್ಲೇ ಸುಟ್ಟರು. ಯುರೋಪಿನಲ್ಲಿ ಯೆಹೂದಿ ಪುಸ್ತಕಗಳನ್ನೂ ಯೆಹೂದಿಗಳನ್ನೂ ಸುಟ್ಟವರು ಸೋತು ಆಗಿನ್ನೂ ಒಂದು ತಿಂಗಳಾಗಿತ್ತು ಅಷ್ಟೆ. ಆದರೆ ಸ್ಪಿನೋಜಾನ ಕಾಲ ಮುಗಿದಿತ್ತು. ಕಪ್ಲಾನ್ ತಮ್ಮ ಕೆಲಸದಲ್ಲೇ ಮುಂದುವರಿದರು, ಅವರದೇ ಒಂದು ಪಂಥ ಬೆಳೆಯಿತು. 1963ರಲ್ಲಿ ಶೆರ್ವಿನ್ ವೈನ್ ಎಂಬ ರಬ್ಬಿ ಅಮೆರಿಕದ ಡೆಟ್ರಾಯಿಟ್ ಬಳಿ ದೇವರ ಹೆಸರೇ ಇಲ್ಲದ ಯೆಹೂದಿ ಸಭೆಯನ್ನು ಕಟ್ಟಿದರು.

ದೇವರನ್ನು ಬಿಟ್ಟರೂ ಯೆಹೂದಿಯಾಗಿ ಉಳಿಯಬಹುದು ಎಂದಾಯಿತು. ಬೇರೆ ದೇವರನ್ನು ಹಿಡಿದರೆ? ಈ ಪ್ರಶ್ನೆ ಇಸ್ರೇಲಿನ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಓಸ್ವಾಲ್ಡ್ ರುಫೈಸೆನ್ ಎಂಬವರ ಮೂಲಕ. ಪೋಲೆಂಡಿನಲ್ಲಿ ಯೆಹೂದಿ ತಂದೆತಾಯಿಗೆ ಹುಟ್ಟಿದ ಅವರು ಯುದ್ಧದ ಕಾಲದಲ್ಲಿ ಗುರುತು ಮರೆಸಿ, ಮೀರ್ ಎಂಬ ಊರಿನಲ್ಲಿ ಜರ್ಮನರ ಪೊಲೀಸ್ ಠಾಣೆಯಲ್ಲಿ ದುಭಾಷಿಯಾಗಿದ್ದರು. ಹತ್ಯಾಕಾಂಡದ ದಿನ ಗೊತ್ತಾದೊಡನೆ ಗೆಟ್ಟೋದವರಿಗೆ ಸುದ್ದಿ ಮುಟ್ಟಿಸಿದರು. ಇನ್ನೂರಕ್ಕೂ ಹೆಚ್ಚು ಜನ ಕಾಡಿಗೆ ಓಡಿ ಪಾರಾದರು. ತಾವು ಸಿಕ್ಕಿಬಿದ್ದು ತಪ್ಪಿಸಿಕೊಂಡು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅಡಗಿದ್ದಾಗ ಕ್ರೈಸ್ತರಾದರು. ಮುಂದೆ ಬ್ರದರ್ ಡೇನಿಯಲ್ ಆಗಿ ಇಸ್ರೇಲಿಗೆ ಬಂದು, ಎಲ್ಲ ಯೆಹೂದಿಗಳಿಗೂ ಅಲ್ಲಿ ನೆಲೆಸುವ ಹಕ್ಕು ಕೊಡುವ 1950ರ ಕಾನೂನಿನಡಿ ಪೌರತ್ವ ಕೇಳಿದರು. ನನ್ನ ಧರ್ಮ ಕ್ಯಾಥೊಲಿಕ್, ನನ್ನ ಜನಾಂಗ ಯೆಹೂದಿ ಎಂಬುದು ಅವರ ವಾದ. 1962ರಲ್ಲಿ ಕೋರ್ಟು ನಾಲ್ಕಕ್ಕೆ ಒಂದರಂತೆ ಅವರ ಅರ್ಜಿಯನ್ನು ತಳ್ಳಿಹಾಕಿತು. ಹುಟ್ಟು ಯೆಹೂದಿ ಮತ ಬದಲಿಸಿದರೂ ಯೆಹೂದಿಯೇ ಎಂದು ಧರ್ಮಶಾಸ್ತ್ರ ಹೇಳಬಹುದು. ಆದರೆ ಕ್ರೈಸ್ತ ಪಾದ್ರಿಯನ್ನು ಜನಸಾಮಾನ್ಯರು ಯೆಹೂದಿ ಎನ್ನುವುದಿಲ್ಲ ಎಂಬುದು ಬಹುಮತದ ತೀರ್ಪು. ಶಾಸ್ತ್ರಕ್ಕಿಂತ ಲೌಕಿಕ ಕೋರ್ಟು ಬಿಗಿಯಾಗಿತ್ತು. ರುಫೈಸೆನ್‌ಗೆ ಕೊನೆಗೆ ಪೌರತ್ವ ಸಿಕ್ಕಿದ್ದು ಹೊರಗಿನವರು ಅರ್ಜಿ ಹಾಕಿ ಪಡೆಯುವ ದಾರಿಯಿಂದ.

ಇದೇ ಕಾಲದಲ್ಲಿ ನಮ್ಮ ಮುಂಬಯಿಯ ಬೆನೆ ಇಸ್ರೇಲಿಗಳಿಗೂ ಈ ಬಿಸಿ ಮುಟ್ಟಿತು. ಕೊಂಕಣದ ಹಳ್ಳಿಗಳಲ್ಲಿ ಶತಮಾನಗಳ ಕಾಲ ಗಾಣ ನಡೆಸಿ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎಂದು ಕರೆಸಿಕೊಂಡವರು ಇವರು. ಮಾತು ಮರಾಠಿ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅವಲಕ್ಕಿ, ಬೆಲ್ಲ, ಕಾಯಿತುರಿ ಕಲಸಿದ ಮಲೀದಾ ಹಂಚುತ್ತಾರೆ. ಮಾಂಡ್ವಿಯಲ್ಲಿರುವ ಅವರ ಮೊದಲ ಸಿನಗಾಗ್ ಕಟ್ಟಿಸಿದ್ದು 1796ರಲ್ಲಿ, ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್. ಮೈಸೂರಿನ ಯುದ್ಧದಲ್ಲಿ ಟೀಪುವಿನ ಸೆರೆಯಾಳಾಗಿದ್ದ ಅವರು, ತಾನು ಬೆನೆ ಇಸ್ರೇಲಿ ಎಂದಾಗ ಟೀಪುವಿನ ತಾಯಿಯ ಮಾತಿನಿಂದ ಜೀವ ಉಳಿಸಿಕೊಂಡರು ಎಂಬ ಐತಿಹ್ಯವಿದೆ. ನಾವು ದಿನವೂ ಹಾದುಹೋಗುವ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಈ ಸಿನಗಾಗಿನಿಂದಲೇ ಎನ್ನುತ್ತಾರೆ. ಹೊಸ ವಿಚಾರಗಳೂ ಇಲ್ಲಿ ಬೇರೂರಿದವು. 1925ರಲ್ಲಿ ಮುಂಬಯಿಯಲ್ಲಿ ಉದಾರವಾದಿ ಯೆಹೂದಿ ಸಭೆಯನ್ನು ಕಟ್ಟಿದವರು ಶಿವಮೊಗ್ಗದಲ್ಲಿ ಹುಟ್ಟಿದ ಡಾಕ್ಟರ್ ಜೆರುಶಾ ಝಿರಾಡ್.

ಇಸ್ರೇಲ್ ಹುಟ್ಟಿದ ಮೇಲೆ ಇವರಲ್ಲಿ ಸಾವಿರಾರು ಜನ ಅಲ್ಲಿಗೆ ಹೋದರು. ಆದರೆ ಬೆನೆ ಇಸ್ರೇಲಿಗಳು ಬೇರೆ ಯೆಹೂದಿಗಳನ್ನು ಮದುವೆಯಾಗುವುದಿದ್ದರೆ ಅವರ ತಾಯಿ, ಅಜ್ಜಿಯರ ಮೂಲವನ್ನು ತನಿಖೆ ಮಾಡಬೇಕೆಂದು 1962ರಲ್ಲಿ ಅಲ್ಲಿಯ ಮುಖ್ಯ ರಬ್ಬಿಗಳ ಕಚೇರಿ ಸೂಚನೆ ಹೊರಡಿಸಿತು. ಇಷ್ಟು ಕಾಲ ದೂರವಿದ್ದವರು ಶಾಸ್ತ್ರದ ಪ್ರಕಾರ ವಿಚ್ಛೇದನ ಮಾಡಿದ್ದರೋ ಇಲ್ಲವೋ, ಹೊರಗಿನವರೊಡನೆ ಬೆರೆತಿದ್ದರೋ ಏನೋ ಎಂಬ ಅನುಮಾನ. ಅವರ ದೇವಭಕ್ತಿಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸಬ್ಬತ್ ನಿಲ್ಲಿಸದೆ ಬಂದವರು ಅವರು. ಎಂದೂ ಪ್ರಾರ್ಥನೆಗೆ ಹೋಗದ ಯುರೋಪಿನ ನಾಸ್ತಿಕನ ಅಜ್ಜಿಯ ವಂಶಾವಳಿಯನ್ನು ಕೇಳದವರು ಇವರದ್ದನ್ನು ಕೇಳಿದರು. 1964ರ ಬೇಸಿಗೆಯಲ್ಲಿ ಬೆನೆ ಇಸ್ರೇಲಿಗಳು ಮಕ್ಕಳುಮರಿಯೊಂದಿಗೆ ಜೆರುಸಲೇಮಿನಲ್ಲಿ ಧರಣಿ ಕೂತರು. ಆಗಸ್ಟ್‌ನಲ್ಲಿ ಸಂಸತ್ತು ಅವರು ಎಲ್ಲ ರೀತಿಯಲ್ಲೂ ಯೆಹೂದಿಗಳೇ ಎಂದು ನಿರ್ಣಯ ಮಾಡಿತು. ಅನಂತರ ರಬ್ಬಿಗಳು ಸೂಚನೆಯಿಂದ ಅವರ ಹೆಸರನ್ನು ತೆಗೆದರು.

1970ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಯೆಹೂದಿ ತಾಯಿಗೆ ಹುಟ್ಟಿದವರು ಅಥವಾ ಮತಾಂತರಗೊಂಡವರು, ಬೇರೆ ಧರ್ಮಕ್ಕೆ ಸೇರದವರು ಯೆಹೂದಿ. ಜೊತೆಗೆ ಯೆಹೂದಿಗಳ ಮಕ್ಕಳು, ಮೊಮ್ಮಕ್ಕಳು, ಅವರ ಗಂಡ ಹೆಂಡಿರಿಗೂ ನೆಲೆಸುವ ಹಕ್ಕು ಸಿಕ್ಕಿತು. ಹಾಗಾಗಿ ಸೋವಿಯತ್ ಒಕ್ಕೂಟ ಒಡೆದ ಕಾಲದಲ್ಲಿ ಬಂದ ಲಕ್ಷಾಂತರ ಜನ ಪೌರತ್ವಕ್ಕೆ ಅರ್ಹರಾದರು, ರಬ್ಬಿಗಳ ಲೆಕ್ಕದಲ್ಲಿ ಮಾತ್ರ ಯೆಹೂದಿಗಳಲ್ಲ. ದೇಶದೊಳಗೆ ಸಿವಿಲ್ ಮದುವೆಯ ವ್ಯವಸ್ಥೆ ಇಲ್ಲದ್ದರಿಂದ ಅವರಲ್ಲಿ ಅನೇಕರು ಹೊರದೇಶಕ್ಕೆ ಹೋಗಿ ಮದುವೆಯಾಗಬೇಕು. ಅಮೆರಿಕದ ಸುಧಾರಣಾವಾದಿಗಳೋ, ತಂದೆ ಮಾತ್ರ ಯೆಹೂದಿಯಾಗಿದ್ದರೂ ಯೆಹೂದಿಯಾಗಿ ಬೆಳೆದ ಮಗು ಯೆಹೂದಿಯೇ ಎಂದು 1983ರಲ್ಲೇ ಒಪ್ಪಿದ್ದಾರೆ. ಅದೇ ಮಗು ಜೆರುಸಲೇಮಿನ ರಬ್ಬಿಗಳ ಮುಂದೆ ನಿಂತರೆ ಹೊರಗಿನದು.

ದೇವರ ಬಗ್ಗೆ ಎರಡು ಅರ್ಥ ಬರುವ ಪದವನ್ನು ಬೆನ್-ಗುರಿಯನ್ ಕಂಡುಕೊಂಡರು. ಮದುವೆಯ ದಾಖಲೆ ಬರೆಯುವವರ ಮುಂದಿರುವ ಫಾರಮಿನಲ್ಲಿ ಅಂಥ ಪದಕ್ಕೆ ಜಾಗವಿಲ್ಲ. ಅಲ್ಲಿ ಹೌದು ಅಥವಾ ಇಲ್ಲ ಎಂದೇ ಬರೆಯಬೇಕು. ಆ ಉತ್ತರಕ್ಕಾಗಿ ಕಾದು ನಿಂತವರಿಗೆ ದೇವರು ಇದ್ದಾನೋ ಇಲ್ಲವೋ ಎಂಬುದು ಆಮೇಲಿನ ಮಾತು.